ಮಾನಿಟರ್ ಗುರುತು ಹತ್ತದ ಕಂಪ್ಯೂಟರ್

ಹಳೆಯ ಮಾನಿಟರ್ ಬಿಸಿಯಾದಾಗ ಧೂಳು ಸುಟ್ಟಂಥ ವಾಸನೆ ಬರುತ್ತದೆ. ಹೋದ ತಿಂಗಳು ನಾಗಪುರದ ಸದರ್ ಬಡಾವಣೆಯಲ್ಲಿದ್ದ ನಮ್ಮ ಕನ್ನಡ ಸಂಘದ ಕೋಣೆ ಖಾಲಿ ಮಾಡುವಾಗ, ಗುಜರಿಗೆ ಹಾಕುವ ಮೊದಲು ಒಮ್ಮೆ ನೋಡೋಣವೆಂದು ಅಲ್ಲಿಯ ಕಂಪ್ಯೂಟರ್ ಚಾಲೂ ಮಾಡಿದೆ. ಆ ವಾಸನೆ ಬಂತು. ಅದರ ಹಿಂದೆಯೇ ಕಾಕಾ ನೆನಪಾದರು…

ಕಾಕಾ ನಮ್ಮ ಓಣಿಯವರು, ರೈಲ್ವೆಯಿಂದ ನಿವೃತ್ತರಾದವರು. ರವಿವಾರ ಸಂಜೆ ಸಂಘದಲ್ಲಿ ಅವರೇ ಹಾಕಿದ ಒಂದು ರೂಢಿಯಿತ್ತು. ಅವರು ಒಂದು ಕಥೆ ಟೈಪ್ ಮಾಡಿ ಇಡುವರು. ಬಂದವರೆಲ್ಲ ಪಾಳಿಯ ಪ್ರಕಾರ ಪರದೆ ನೋಡಿ ಗಟ್ಟಿಯಾಗಿ ಓದಬೇಕು. ನಾನು ನಾಗಪುರದಲ್ಲೇ ಹುಟ್ಟಿ ಮರಾಠಿ ಶಾಲೆಯಲ್ಲಿ ಕಲಿತವಳು. ಕನ್ನಡ ಮಾತು ಸರಾಗ, ಅಕ್ಷರ ಕಂಡರೆ ಮಾತ್ರ ಬಾಯಿ ಒಣಗುತ್ತಿತ್ತು. ಬ್ಯಾಂಕಿನ ಅಧಿಕಾರಿಣಿ ಎಂದು ಎಲ್ಲರೂ ಮರ್ಯಾದೆ ಕೊಡುತ್ತಿದ್ದವಳು ಮೊದಲ ರವಿವಾರ ಎಳೆ ಮಗುವಿನಂತೆ ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಯಾರೋ ಕಿಸಕ್ಕೆಂದರು. ತಲೆ ಎತ್ತಲಾಗಲಿಲ್ಲ. ಇನ್ನು ಆ ಕಡೆ ಕಾಲಿಡಬಾರದು ಎಂದುಕೊಂಡೆ.

ಕೆಲವು ವಾರದ ಮೇಲೆ ಕಾಕಾ ಮನೆಗೇ ಬಂದರು. "ಈ ರವಿವಾರ ಬಾರವಾ. ಕಂಪ್ಯೂಟರ್ ಕೈ ಕೊಟ್ಟೈತಿ, ಎಲ್ಲಾರೂ ತಡವರಿಸಾಕತ್ತಾರ."

ಹೋಗಿ ನೋಡಿದರೆ ಪರದೆಯ ತುಂಬ ದಪ್ಪ ದಪ್ಪ ಅಕ್ಷರ. ಸಾಲುಗಳು ಅರ್ಧಕ್ಕೇ ಪರದೆಯಾಚೆ ಹೋಗುತ್ತಿದ್ದವು. ಸರಿಸಿ ಸರಿಸಿ ಓದಬೇಕು.

"ಏನ್ ಮಾಡೂದ್ರಿ," ಎಂದರು ಕಾಕಾ. "ಮಾನಿಟರ್ ಅನ್ನೂದು, ನಾ ಇಷ್ಟು ಅಳತಿ ತೋರಸ್ತೀನಿ ಅಂತ ವಾಯರ್‌ದಾಗ ಕಂಪ್ಯೂಟರಿಗೆ ಹೇಳಬೇಕು. ನಮ್ಮ ಮಶೀನಿಗೆ ಅದರ ಗುರ್ತ ಹತ್ತವಲ್ದು. ಅದಕ್ಕ ಎಲ್ಲಾಕಿಂತ ಸಣ್ಣ ಅಳತೀಗೆ ನಿಂತಬಿಟ್ಟೈತಿ. ಅಳತಿ ಸಣ್ಣ ಆದಷ್ಟೂ ಪರದೆದಾಗ ಹಿಡಿಸೂದು ಕಡಿಮಿ, ಅಕ್ಷರ ದಪ್ಪ."

ಬಲ್ಲವರೂ ಪದದ ನಡುವೆಯೇ ನಿಂತು ನಿಂತು ಓದುತ್ತಿದ್ದರು. ಅವರ ನಡುವೆ ನನ್ನ ತಡವರಿಕೆ ಯಾರಿಗೂ ಕಾಣಲಿಲ್ಲ. ವರ್ಷಗಟ್ಟಲೆ ಹಾಗೇ ನಡೆಯಿತು. ನಾನು ಅಷ್ಟಿಷ್ಟು ಓದಲು ಕಲಿತೆ. ಇಷ್ಟು ವರ್ಷವಾದರೂ ಒಂದು ಮಶೀನು ಬರೋಬರ್ ಮಾಡಲಾಗಲಿಲ್ಲವೇ ಎಂದು ಎಲ್ಲರೂ ಕಾಕಾರನ್ನು ಆಡಿಕೊಳ್ಳುತ್ತಿದ್ದರು. ನಾನೂ ನಕ್ಕಿದ್ದೇನೆ… ಅವರ ಎದುರಿಗೇ.

ಹೋದ ತಿಂಗಳು ಆ ಕಂಪ್ಯೂಟರಿನ ಸೆಟಿಂಗ್ ತೆರೆದೆ. ಮಾನಿಟರಿನ ಹೆಸರು ಸರಿಯಾಗಿಯೇ ಬಂದಿತ್ತು. ಕೆಳಗೆ ದೊಡ್ಡ ಅಳತೆಗಳೆಲ್ಲ ಇದ್ದವು. ಯಾರೋ ಕೈಯಾರೆ ಎಲ್ಲಕ್ಕಿಂತ ಸಣ್ಣದನ್ನು ಆರಿಸಿ ಇಟ್ಟಿದ್ದರು. ಯಾರು, ಯಾರಿಗಾಗಿ ಎಂದು ತಿಳಿಯಲು ನನಗೆ ಹೊತ್ತು ಹಿಡಿಯಲಿಲ್ಲ. ನಾಚಿಕೆಯಾಯಿತು. ಕ್ಷಮಿಸಿ ಎನ್ನೋಣವೆಂದರೆ ಕಾಕಾ ಹೋದ ಚಳಿಗಾಲದಲ್ಲೇ ತೀರಿಕೊಂಡಿದ್ದರು.

ಅವರ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ಸಂಘದವರು ಕೇಳಿದಾಗ ಹೂಂ ಎಂದೆ. ಆದರೆ ಇದನ್ನು ನಾನು ಬರೆದಿಲ್ಲ; ಓದಲು ಕಲಿತರೂ ಕನ್ನಡ ಬರೆಯಲು ನನಗಿನ್ನೂ ಬಾರದು. ನಾನು ಹೇಳುತ್ತಾ ಹೋದೆ, ಅವ್ವ ಬರೆದುಕೊಂಡಳು.