ನಿಂಬೆಹಣ್ಣಿಗೆ ನಿಲ್ಲದ ಗಾಡಿ

ನನ್ನ ಸ್ಕೂಟರಿನ ಡಿಕ್ಕಿಯಲ್ಲಿ ಸದಾ ಎರಡು ಕಲ್ಲುಗಳಿರುತ್ತವೆ. ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ, ನೋಡಿದವರಿಗೆ ಮಾತ್ರ ಸ್ವಲ್ಪ ಗಾಬರಿಯಾಗುತ್ತದೆ. ಪೆಟ್ರೋಲ್ ಹಾಕಿಸಲು ಸೀಟು ಎತ್ತಿದರೆ ಬಂಕಿನವರು ಮೊದಲು ಕಲ್ಲುಗಳನ್ನು ನೋಡುತ್ತಾರೆ, ಆಮೇಲೆ ನನ್ನನ್ನು. ಐವತ್ತು ದಾಟಿದ, ದಪ್ಪ ಕನ್ನಡಕದ, ಗುಬ್ಬಿಯ ಕಾಲೇಜೊಂದರ ಗ್ರಂಥಾಲಯ ನೋಡಿಕೊಳ್ಳುವ ಹೆಂಗಸು ಯಾರ ತಲೆ ಒಡೆಯಲು ಹೊರಟಿದ್ದಾಳೆ ಎಂದು ಅವರಿಗೆ ಅನ್ನಿಸಿದರೆ ತಪ್ಪೇನಿಲ್ಲ. ಪುಸ್ತಕ ವಾಪಸು ಕೊಡದವರನ್ನು ನೆನೆದಾಗ ಅಂಥ ಯೋಚನೆ ನನಗೂ ಬಂದದ್ದುಂಟು. ಆದರೆ ಈ ಕಲ್ಲುಗಳು ಅದಕ್ಕಲ್ಲ. ನಿಲ್ಲಿಸಿದ ಗಾಡಿ ನನ್ನನ್ನು ಬಿಟ್ಟು ಹೊರಟುಹೋಗದಿರಲಿ ಎಂದು ಚಕ್ರಕ್ಕೆ ಕೊಡುವ ಕಲ್ಲುಗಳು.

ಚಿಕ್ಕಂದಿನಲ್ಲಿ ಬಂದ ಪೋಲಿಯೊ ನನ್ನ ಎಡಗಾಲನ್ನು ಅರ್ಧಕ್ಕೇ ಬೆಳೆಸಿ ಕೈಬಿಟ್ಟಿತು. ಹಾಗಾಗಿ ನನ್ನದು ಮೂರು ಚಕ್ರದ ಸ್ಕೂಟರು. ಎಣಿಸಿದರೆ ನಾಲ್ಕು ಚಕ್ರಗಳಿವೆ. ಹಿಂದಿನ ಚಕ್ರದ ಆ ಕಡೆಗೊಂದು ಈ ಕಡೆಗೊಂದು ಜೋಡಿಸಿದ್ದಾರೆ, ನಡುವಿನದು ಮರೆಯಲ್ಲಿ ಕೂತಿರುತ್ತದೆ. ಆದರೂ ಊರೆಲ್ಲ ಅದನ್ನು ಮೂರು ಚಕ್ರದ ಗಾಡಿ ಎಂದೇ ಕರೆಯುವುದರಿಂದ ನಾನೂ ಆ ಬಡಪಾಯಿಯನ್ನು ಲೆಕ್ಕದಿಂದ ಬಿಟ್ಟಿದ್ದೇನೆ. ಮಾಮೂಲಿ ಸ್ಕೂಟರನ್ನು ಸ್ಟ್ಯಾಂಡಿಗೆ ಹಾಕಲು ಗಟ್ಟಿ ಕಾಲು ಬೇಕು. ಪಕ್ಕದ ಚಕ್ರ ಜೋಡಿಸುವವರು ಅದನ್ನು ಯೋಚಿಸಿ ಸ್ಟ್ಯಾಂಡನ್ನೇ ಬಿಚ್ಚಿ ಹಾಕುತ್ತಾರೆ. ಗಾಡಿ ಬೀಳುವ ಭಯ ಅಲ್ಲಿಗೆ ಹೋಯಿತು, ಉರುಳುವ ಭಯ ಅಲ್ಲಿಂದ ಶುರುವಾಯಿತು.

ಮೂರು ಎನ್ನುವುದು ಬಹಳ ಗಟ್ಟಿಯಾದ ಸಂಖ್ಯೆ ಎಂದು ನಾನು ನಂಬಿದ್ದೆ. ಒಲೆಗೆ ಮೂರು ಗುಂಡು ಇಟ್ಟರೆ ನೆಲ ಎಷ್ಟೇ ಅಂಕುಡೊಂಕಾಗಿದ್ದರೂ ಮಡಕೆ ಅಲುಗುವುದಿಲ್ಲ. ನಾಲ್ಕು ಕಾಲಿನ ಕುರ್ಚಿ ಕುಂಟೀತು, ಮೂರು ಕಾಲಿನ ಸ್ಟೂಲು ಎಂದೂ ಕುಂಟದು. ಇದಕ್ಕೆ ರೇಖಾಗಣಿತದಲ್ಲಿ ಪುರಾವೆಯೂ ಇದೆ. ಆದರೆ ಕಾಲಿದ್ದ ಜಾಗಕ್ಕೆ ಚಕ್ರ ಬಂದ ಕೂಡಲೇ ರೇಖಾಗಣಿತ ಕೈಕಟ್ಟಿ ಕೂರುತ್ತದೆ. ಚಕ್ರ ಕಂಡುಹಿಡಿದವನನ್ನು ಎಲ್ಲರೂ ಹೊಗಳುತ್ತಾರೆ. ಅವನು ಕಂಡುಹಿಡಿದ ಮರುಗಳಿಗೆಯಲ್ಲೇ ಯಾರೋ ಒಬ್ಬಳು, ಅವನ ಹೆಂಡತಿಯೇ ಇರಬೇಕು, ‘ಅಯ್ಯೋ, ಹೋಯ್ತು ಹೋಯ್ತು’ ಎಂದು ಓಡಿಬಂದು ಅದಕ್ಕೊಂದು ಕಲ್ಲು ಕೊಟ್ಟಿರುತ್ತಾಳೆ. ಅವಳ ಸುದ್ದಿ ಯಾವ ಪುಸ್ತಕದಲ್ಲೂ ಇಲ್ಲ, ನನ್ನ ಗ್ರಂಥಾಲಯದಲ್ಲಂತೂ ಇಲ್ಲ. ನಮ್ಮ ಎತ್ತಿನ ಗಾಡಿಯವರಿಗೆ ಈ ಕಷ್ಟವಿರಲಿಲ್ಲ. ಎತ್ತು ಬಿಚ್ಚಿ ಮುಂದಿನ ಮೂಕಿಮರವನ್ನು ನೆಲಕ್ಕೆ ಊರಿದರೆ ಗಾಡಿ ಮೂಗು ನೆಲಕ್ಕೆ ಚುಚ್ಚಿ ಸುಮ್ಮನೆ ಮಲಗಿಬಿಡುತ್ತಿತ್ತು. ಎತ್ತಿಗೂ ವಿರಾಮ, ಗಾಡಿಗೂ ವಿರಾಮ. ಪೆಟ್ರೋಲ್ ಗಾಡಿಗೆ ಅಷ್ಟು ಮರ್ಯಾದೆ ತಿಳಿಯದು.

ತುಮಕೂರನ್ನು ಸಮತಟ್ಟಾದ ಊರು ಎನ್ನುವವರು ಕಾಲಿದ್ದವರು. ಉಪ್ಪಾರಹಳ್ಳಿಯ ನನ್ನ ಬೀದಿ ಯಾವ ದಿಕ್ಕಿಗೆ ಎಷ್ಟು ಇಳಿಯುತ್ತದೆ, ಮರಳೂರಿನ ಯಾವ ಅಂಗಡಿ ಮುಂದೆ ನೆಲ ಚರಂಡಿ ಕಡೆಗೆ ವಾಲಿದೆ ಎಂಬುದೆಲ್ಲ ನನಗೆ ಬಾಯಿಪಾಠ. ಬೇರೆಯವರು ಅಂಗಡಿಯನ್ನು ಸಾಮಾನಿಗಾಗಿ ಆರಿಸುತ್ತಾರೆ, ನಾನು ಇಳಿಜಾರು ನೋಡಿ ಆರಿಸುತ್ತೇನೆ. ಒಳ್ಳೆಯ ಕಾಫಿಪುಡಿ ಅಂಗಡಿಯೊಂದನ್ನು ಇದೇ ಕಾರಣಕ್ಕೆ ಬಿಟ್ಟಿದ್ದೇನೆ. ಬ್ರೇಕು ಹಿಡಿದಿಡುವ ಕ್ಲಿಪ್ಪು ಯಾವತ್ತೋ ಮುರಿದುಹೋದ ಮೇಲೆ ಮೆಕ್ಯಾನಿಕ್ ಹಳೆಯ ಟ್ಯೂಬು ಕತ್ತರಿಸಿ ಕರಿಯ ರಬ್ಬರಿನ ಬಳೆಯೊಂದನ್ನು ಮಾಡಿಕೊಟ್ಟ. ಬ್ರೇಕಿನ ಹಿಡಿಯನ್ನು ಒತ್ತಿ ಅದಕ್ಕೂ ಹ್ಯಾಂಡಲಿಗೂ ಸೇರಿಸಿ ಈ ಬಳೆ ತೊಡಿಸಿದರೆ ಗಾಡಿ ನಿಲ್ಲುತ್ತದೆ. ಬಿಸಿಲಿಗೆ ರಬ್ಬರು ಸಡಿಲವಾಗುತ್ತದೆ, ಅದಕ್ಕೇ ಜೊತೆಗೆ ಕಲ್ಲು.

ಕಲ್ಲು ಇಟ್ಟುಕೊಳ್ಳುವ ಬುದ್ಧಿ ಬಂದದ್ದು ಗುಬ್ಬಿಯಲ್ಲಿ. ಒಂದು ಮಧ್ಯಾಹ್ನ ಬಸ್ ನಿಲ್ದಾಣದ ಹತ್ತಿರ ಹೂವು ಕೊಳ್ಳುತ್ತಿದ್ದೆ. ಯಾರೋ ಹಿಂದಿನಿಂದ ಮೆತ್ತಗೆ ಸೊಂಟಕ್ಕೆ ತಿವಿದಂತಾಯಿತು. ಸಿಟ್ಟಿನಿಂದ ತಿರುಗಿದರೆ ನನ್ನದೇ ಸ್ಕೂಟರು, ಮೇವು ಕೇಳಲು ಬಂದ ಕರುವಿನ ಹಾಗೆ ನಿಂತಿತ್ತು. ಹೂವಿನಾಕೆ ಮೊಳ ಹಾಕುವುದನ್ನು ನಿಲ್ಲಿಸದೆ, “ಮೇಡಂ, ನಿಮ್ ಗಾಡಿ ಕರಿಯಕ್ಕೆ ಬಂದೈತೆ” ಎಂದಳು. ಸುತ್ತಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಅದು ಬಂದ ದಾರಿಯಲ್ಲಿ ಯಾರೂ ಅಡ್ಡ ಇರದಿದ್ದದ್ದು ಎಂಥ ಅದೃಷ್ಟ ಎಂದು ಹೊಳೆದದ್ದು ಗಾಡಿ ಹತ್ತಿದ ಮೇಲೆ.

ನಾನು ಮನೆ ಸೇರುವುದರೊಳಗೆ ಸುದ್ದಿ ಕುಣಿಗಲ್ ತಾಲ್ಲೂಕು ಸೇರಿತ್ತು. ಅಮೃತೂರಿನಲ್ಲಿ ನನ್ನ ಅಣ್ಣ ರುದ್ರಣ್ಣ ಇದ್ದಾನೆ. ತೆಂಗಿನ ತೋಟ, ಹಣೆ ತುಂಬ ವಿಭೂತಿ, ಯಾವ ವಿಷಯಕ್ಕೂ ಎರಡನೆಯ ಅಭಿಪ್ರಾಯ ಬೇಕಿಲ್ಲದ ಗಂಟಲು. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು ಅವನೇ. ಸೈಕಲ್ಲಿನ ಮುಂದೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟು, ಸಂಜೆ ಗೇಟಿನ ಮುಂದೆ ಕಾದು, ಮತ್ತೆ ಕೂರಿಸಿಕೊಂಡು ಬರುತ್ತಿದ್ದ. ಹಾಗಾಗಿ ನನ್ನ ಮೇಲೆ ಅವನಿಗಿರುವ ಅಧಿಕಾರವನ್ನು ನಾನು ಪ್ರಶ್ನಿಸುವ ಹಾಗಿಲ್ಲ. ಫೋನಿನಲ್ಲೇ ತೀರ್ಪು ಕೊಟ್ಟ.

“ನೋಡವ್ವ ಗಿರಿಜಾ, ಆಗಿದ್ದು ಆಗೋಯ್ತು. ಇನ್ನೊಂದ್ ಸಲ ಏನಾರ ಅದು ಉರುಳ್ತು ಅಂದ್ರೆ ನಾನೇ ಬಂದು ತಗಂಡ್ ಹೋಗಿ ತೋಟದ ಶೆಡ್ಡಲ್ಲಿ ನಿಲ್ಲಿಸ್ತೀನಿ. ಆಟೋ ಮಾಡ್ಕಂಡು ಓಡಾಡು. ನಿಂಗೆ ಯಾಕ್ ಬೇಕು ಈ ಸಾವಾಸ?”

ಯಾಕೆ ಬೇಕು ಎಂದು ಅವನಿಗೆ ಹೇಗೆ ಹೇಳಲಿ? ಆಟೋದವನು ಒಳ್ಳೆಯವನೇ, ಆದರೆ ಅವನು ಬರಬೇಕು, ನಾನು ಕಾಯಬೇಕು. ಕಾಯುವುದರಲ್ಲಿ ನಾನು ಡಿಗ್ರಿ ಮಾಡಿದವಳು. ಬಸ್ಸಿಗೆ, ಅಣ್ಣನಿಗೆ, ಕೈ ಹಿಡಿದು ಮೆಟ್ಟಿಲು ಹತ್ತಿಸುವ ಯಾರಿಗೋ ಕಾದು ಕಾದು ಮೂವತ್ತು ದಾಟಿದ ಮೇಲೆ ಈ ಗಾಡಿ ಬಂತು. ಮೊದಲ ದಿನ ಯಾವ ಕೆಲಸವೂ ಇಲ್ಲದೆ ಮರಳೂರಿನವರೆಗೆ ಹೋಗಿ ಒಂದು ಬೆಂಕಿಪೊಟ್ಟಣ ಕೊಂಡು ಬಂದೆ. ಮನೆಯಲ್ಲಿ ಬೆಂಕಿಪೊಟ್ಟಣವಿತ್ತು. ಇದೆಲ್ಲ ಫೋನಿನಲ್ಲಿ ಹೇಳುವ ಮಾತಲ್ಲ. “ಹೂಂ ಅಣ್ಣ” ಎಂದು ಇಟ್ಟೆ. ಮರುದಿನ ಖಾಲಿ ಸೈಟೊಂದರಿಂದ ಒಂದು ಮಗ್ಗುಲು ಚಪ್ಪಟೆಯಾದ ಎರಡು ಕಲ್ಲು ಆರಿಸಿ, ತೊಳೆದು, ಡಿಕ್ಕಿಗೆ ಹಾಕಿದೆ. ಆಮೇಲೆ ಗಾಡಿ ಒಂದು ಗೇಣೂ ಕದಲಲಿಲ್ಲ. ನನ್ನ ಹತ್ತಿರ ಇರುವುದೇನೋ ಇತ್ತು, ಆದರೆ ಅಣ್ಣನ ಮಾತಿನ ತೂಗುಗತ್ತಿಯ ಕೆಳಗೆ ಇದ್ದ ಹಾಗಿತ್ತು. ಅಂಗಡಿಯೊಳಗಿಂದ ಹತ್ತು ಸಲ ಹೊರಗೆ ಇಣುಕುವ ಅಭ್ಯಾಸವಾಯಿತು.

ಹೋದ ಆಯುಧಪೂಜೆಗೆ ಅಣ್ಣ ನಮ್ಮ ಮನೆಗೆ ಬಂದ. ಬಾಳೆಕಂದು, ಮಾವಿನ ಸೊಪ್ಪು, ಸೇವಂತಿಗೆ ಹಾರ, ತೋಟದ ಕಾಯಿ, ಬೂದುಗುಂಬಳ ಎಲ್ಲವನ್ನೂ ಹೊತ್ತು ತಂದಿದ್ದ. ಗಾಡಿಯ ಮೇಲೆ ಅವನಿಗೆ ನಂಬಿಕೆ ಇಲ್ಲದಿದ್ದರೂ ಪೂಜೆಯ ಮೇಲೆ ಪೂರ್ತಿ ನಂಬಿಕೆ. ಬೆಳಗ್ಗೆಯೇ ನಾನು ಸ್ಕೂಟರು ತೊಳೆದು, ಗೇಟಿನ ಹೊರಗೆ ಇಳಿಜಾರಿನ ಕಡೆ ಮುಖ ಮಾಡಿ ನಿಲ್ಲಿಸಿ, ರಬ್ಬರು ತೊಡಿಸಿ, ಮುಂದಿನ ಚಕ್ರಕ್ಕೊಂದು ಹಿಂದಿನದಕ್ಕೊಂದು ಕಲ್ಲು ಕೊಟ್ಟಿದ್ದೆ. ಬಹಳ ಹೊತ್ತು ನಿಲ್ಲಲಾಗದು ಎಂದು ಗೇಟಿನ ಒಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಆರತಿ ತಟ್ಟೆ ಸರಿಮಾಡುತ್ತ ಕುಳಿತೆ. ಎದುರು ಮನೆಯ ಜಯಮ್ಮನವರು ಕೈಮುಗಿದುಕೊಂಡು ಬಂದು ನಿಂತರು.

ಅಣ್ಣ ಹೊರಗೆ ಅಲಂಕಾರ ಶುರುಮಾಡಿದ. ಗೋಡೆಯ ಮರೆಯಲ್ಲಿ ಅವನು ಏನೇನು ಮಾಡಿದನೆಂದು ನನಗೆ ಆಮೇಲೆ ತಿಳಿಯಿತು. ಹ್ಯಾಂಡಲಿಗೆ ಬಾಳೆಕಂದು ಕಟ್ಟುವಾಗ ಅಡ್ಡ ಬಂದ ರಬ್ಬರು ಬಳೆಯನ್ನು, ಹಬ್ಬದ ದಿನ ಕಪ್ಪು ಬೇಡವೆಂದು, ಕಿತ್ತು ಜೇಬಿಗೆ ಹಾಕಿಕೊಂಡ. ಆಮೇಲೆ ಬಗ್ಗಿ ನೋಡಿದ. ನಿಂಬೆಹಣ್ಣು ಇರಬೇಕಾದ ಜಾಗದಲ್ಲಿ ಕಲ್ಲು! ಎರಡನ್ನೂ ತೆಗೆದು ಪಕ್ಕದ ಸೈಟಿಗೆ ಎಸೆದ. ಕಣ್ಣಿಗೆ ಕಾಣುವ ಚಕ್ರಕ್ಕೊಂದರಂತೆ ಕುಂಕುಮ ಹಚ್ಚಿದ ಮೂರು ನಿಂಬೆಹಣ್ಣು ಇಟ್ಟ. ಇದರಲ್ಲಿ ಅವನದು ತಪ್ಪೆಂದು ನಾನು ಹೇಳಲಾರೆ. ಹೊಸ ಲಾರಿಯಿಂದ ಹಿಡಿದು ಮಕ್ಕಳ ಸೈಕಲ್ಲಿನವರೆಗೆ ನಮ್ಮಲ್ಲಿ ಯಾವ ಚಕ್ರವೂ ನಿಂಬೆಹಣ್ಣು ಹಿಂಡದೆ ವರ್ಷ ದಾಟುವುದಿಲ್ಲ. ಆದರೆ ನಿಂಬೆಹಣ್ಣನ್ನು ಇಡುವುದೇ ಚಕ್ರ ಅದರ ಮೇಲೆ ಹತ್ತಲಿ ಎಂದು. ಒಂದು ತಡೆಯುವ ವಸ್ತು, ಇನ್ನೊಂದು ಹೊರಡಿಸುವ ವಸ್ತು. ಆ ಗಳಿಗೆಯಲ್ಲಿ ಅಣ್ಣನಿಗೆ ಎರಡೂ ಚಕ್ರದ ಕೆಳಗಿನ ವಸ್ತುಗಳಾಗಿ ಕಂಡವು.

ಹಣ್ಣುಗಳು ಪಾಪ, ಕರ್ಪೂರ ಬೆಳಗುವವರೆಗೂ ತಡೆದವು. ಅಣ್ಣ ಕಾಯಿ ಒಡೆದು, ಎರಡು ಹೋಳು ಹಿಡಿದು, ಮನೆ ಕಡೆ ತಿರುಗಿ ‘ಹರ ಹರ ಮಹಾದೇವ’ ಎಂದ. ಅವನ ಬೆನ್ನ ಹಿಂದೆ ಪಚಕ್ ಎಂದಿತು. ಸ್ಕೂಟರು ಹಾರ ಹಾಕಿಕೊಂಡು, ಕುಂಕುಮ ಇಟ್ಟುಕೊಂಡು, ಬಾಳೆಯೆಲೆ ಬೀಸುತ್ತ ಗಂಭೀರವಾಗಿ ಹೊರಟಿತು.

“ಎಷ್ಟ್ ಚೆನ್ನಾಗಿ ಹತ್ತಿಸಿದ್ರಿ! ಮೂರೂ ಹಣ್ಣು ಅಪ್ಪಚ್ಚಿ” ಎಂದು ಜಯಮ್ಮ ಕೈಮುಗಿದರು. ಒಂದು ಕ್ಷಣ ಬಿಟ್ಟು, “ಅಯ್ಯೋ, ಮೇಲೆ ಯಾರೂ ಇಲ್ಲ ಕಣ್ರೀ!” ಎಂದರು.

ನಮ್ಮ ಬೀದಿಯ ಕೊನೆಗೆ ದೊಡ್ಡ ರಸ್ತೆ. ಅಲ್ಲಿ ಬಸ್ಸು, ಲಾರಿ. ಗಾಡಿ ಯಾರಿಗಾದರೂ ಗುದ್ದಿದರೆ ಎಂಬುದು ಮೊದಲ ಭಯ. ಮುಗಿಯಿತು, ಇನ್ನು ನನಗೆ ಗಾಡಿ ಇಲ್ಲ ಎಂಬುದು ಅದರ ಬೆನ್ನಿಗೇ ಬಂದ ಎರಡನೆಯ ಭಯ. ಅರವತ್ತು ದಾಟಿದ ಅಣ್ಣ ಪಂಚೆ ಎತ್ತಿಕಟ್ಟಲೂ ನಿಲ್ಲದೆ ಓಡಿದ. ಕಾಯಿ ಹೋಳುಗಳು ಕೈಯಿಂದ ಜಾರಿ ಅವನ ಜೊತೆಗೇ ಉರುಳಿದವು. ಬೀದಿಯ ಅರ್ಧದಲ್ಲಿ ಗಾಡಿಯನ್ನು ಹಿಡಿದು, ಅಡ್ಡಡ್ಡ ಸೀಟಿನ ಮೇಲೆ ಬಿದ್ದು, ಎದ್ದು ಕೂತು, ಬ್ರೇಕು ಹಿಡಿದ. ಸೈಕಲ್ ಬಲ್ಲವನಿಗೆ ಅಷ್ಟು ಸಾಕು. ಗಾಡಿ ನಿಂತಿತು.

ನಿಂತಿತು, ಆದರೆ ಅಣ್ಣ ಇಳಿಯುವ ಹಾಗಿಲ್ಲ. ಕೈ ಬಿಟ್ಟರೆ ಹೊರಡುತ್ತದೆ. ಸೇವಂತಿಗೆ ಹಾರದ ನಡುವೆ ಎರಡೂ ಬ್ರೇಕು ಬಿಗಿಯಾಗಿ ಅಮುಕಿಕೊಂಡು ನೇರವಾಗಿ ಕುಳಿತಿದ್ದ. ಜಯಮ್ಮನವರು, “ಕಲ್ಲು ಕೊಡ್ಲಾ?” ಎಂದು ಕೂಗಿದರು.

“ಬ್ಯಾಡ ಬ್ಯಾಡ, ಯಾರೂ ಮುಟ್ಬ್ಯಾಡಿ! ಇದ್ರ ಬುದ್ಧಿ ಅವಳಿಗೇ ಗೊತ್ತು. ಅವಳು ಬರ್ಲಿ. ಗಿರಿಜಾ, ಬಿರ್ರನೆ ಬಾರವ್ವ!”

ನಾನು ಊರುಗೋಲು ತೆಗೆದುಕೊಂಡು ಹೊರಟೆ. ಏರುವುದಕ್ಕಿಂತ ಇಳಿಯುವುದು ನನಗೆ ಕಷ್ಟ. ಕೋಲು ಊರಬೇಕು, ಕಬ್ಬಿಣದ ಪಟ್ಟಿ ಕಟ್ಟಿದ ಎಡಗಾಲನ್ನು ಮುಂದೆ ಎಸೆಯಬೇಕು, ಅದು ನಿಂತಿತೇ ಎಂದು ನೋಡಬೇಕು, ಆಮೇಲೆ ಬಲಗಾಲು. ಎರಡು ಮನೆ ದಾಟುವಷ್ಟರಲ್ಲಿ ಬೆವರು. ಯಾರದೋ ಕಾಂಪೌಂಡು ಹಿಡಿದು ನಿಂತೆ. ಅಣ್ಣ ಮತ್ತೆ, “ಬಾರವ್ವ” ಎಂದ.

“ಬರ್ತಾ ಇದೀನಿ ಕಣಣ್ಣ. ನಾನು ನಡಿಯೋದೇ ಹಿಂಗೆ” ಎಂದೆ.

ಆಮೇಲೆ ಅವನು ಕರೆಯಲಿಲ್ಲ, ಕತ್ತು ತಿರುಗಿಸಿ ನನ್ನನ್ನೇ ನೋಡುತ್ತ ಕುಳಿತ. ಯೋಚಿಸಿದರೆ ಅಣ್ಣ ನಾನು ನಡೆಯುವುದನ್ನು ನೋಡಿದ್ದೇ ಕಡಿಮೆ. ಚಿಕ್ಕಂದಿನಲ್ಲಿ ಅವನ ಸೈಕಲ್ಲಿನ ಮೇಲೆ ಇರುತ್ತಿದ್ದೆ, ಆಮೇಲೆ ನನ್ನ ಗಾಡಿಯ ಮೇಲೆ. ಅವನು ಕಂಡದ್ದು ಅಡುಗೆಮನೆಯಿಂದ ನಡುಮನೆಗೆ ಬರುವ ನಾಲ್ಕು ಹೆಜ್ಜೆ. ಒಂದು ಬೀದಿ ನನಗೆ ಎಷ್ಟು ಉದ್ದ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅದನ್ನು ತೋರಿಸುವ ಆಸೆ ನನಗೂ ಎಂದೂ ಇರಲಿಲ್ಲ.

ಹತ್ತಿರ ಹೋದೆ. ಅಣ್ಣನ ಕಣ್ಣು ಕೆಂಪಾಗಿತ್ತು. ಓಡಿದ್ದಕ್ಕೆ ಇರಬೇಕು ಎಂದುಕೊಂಡೆ. ನಾನು ಬ್ರೇಕು ಹಿಡಿದ ಮೇಲೆ ಅವನ ಕೈ ನಿಧಾನವಾಗಿ ಸಡಿಲವಾಯಿತು. ಜೇಬಿನಿಂದ ರಬ್ಬರು ಬಳೆ ತೆಗೆದು, ಕಳ್ಳಮಾಲು ಒಪ್ಪಿಸುವವನಂತೆ ನನ್ನ ಕೈಗಿಟ್ಟ. ಶೆಡ್ಡಿನ ಮಾತು ಈಗ ಬರುತ್ತದೆ ಎಂದು ಕಾದೆ.

“ಇಷ್ಟ್ ಕಷ್ಟ ಐತೆ ಅಂತ ಒಂದ್ ದಿನಾನೂ ಅಂದಿಲ್ವಲ್ಲವ್ವ” ಎಂದ. ಕ್ಲಿಪ್ಪು ಮುರಿದದ್ದಕ್ಕೆ ಈ ಬಳೆ ಎಂದು ನಾನು ಹೇಳಿದ ಮೇಲೆ, “ಮೊದ್ಲು ಆ ಕ್ಲಿಪ್ಪು ಹಾಕ್ಸು. ಇರೋ ಗಾಡೀನ ಹುಷಾರಾಗಿ ಮಡಿಕಂಬೇಕು” ಎಂದ.

ಅಷ್ಟೇ. ನನಗೆ ಆದ ಸಮಾಧಾನವನ್ನು ಏನೆಂದು ಹೇಳಲಿ! ರಸ್ತೆಯ ನಡುವೆಯೇ ಕುಳಿತುಬಿಡೋಣ ಅನ್ನಿಸಿತು. ಎಷ್ಟೋ ತಿಂಗಳಿಂದ ನಾನು ಗಾಡಿಯನ್ನು ಹಿಡಿದುಕೊಂಡಿರಲಿಲ್ಲ, ಉಸಿರು ಹಿಡಿದುಕೊಂಡಿದ್ದೆ ಎಂದು ಅದನ್ನು ಬಿಟ್ಟಾಗಲೇ ತಿಳಿದದ್ದು.

ಅಣ್ಣ ಹಿಂದೆ ಸರಿದು ಜಾಗ ಮಾಡಿಕೊಟ್ಟ. ನಾನು ಕುಳಿತು, ಗಾಡಿ ಶುರುಮಾಡಿ, ತಿರುಗಿಸಿಕೊಂಡು ಏರು ಹತ್ತಿಸಿದೆ. ನಾನು ಅವನನ್ನು ಕೂರಿಸಿಕೊಂಡು ಹೋಗಿದ್ದು ಅದೇ ಮೊದಲು. ಭಾರವಾದ ಎರಡು ಕೈ ನನ್ನ ಭುಜ ಹಿಡಿದಿದ್ದವು. ಜಯಮ್ಮನವರು ದಾರಿ ಬಿಟ್ಟು ನಿಂತು ಮತ್ತೊಮ್ಮೆ ಕೈಮುಗಿದರು. ಯಾರಿಗೆಂದು ಕೇಳಲಿಲ್ಲ. ಗೇಟಿನ ಮುಂದೆ ನಿಲ್ಲಿಸಿ, “ಇಳಿಯಣ್ಣ, ಮನೆ ಬಂತು” ಎಂದೆ.

ಅಣ್ಣ ಇಳಿಯಲಿಲ್ಲ. ಪಂಚೆ ಸರಿಮಾಡಿಕೊಂಡು, ಬೀದಿಯ ಆ ಕಡೆ ನೋಡುತ್ತ, ಏನೂ ಆಗಿಲ್ಲವೆಂಬಂತೆ ಹೇಳಿದ:

“ಬಂದಿದ್ದು ಬಂದಿದೀವಿ, ಇನ್ನೊಂದ್ ರೌಂಡ್ ಹೊಡಿಯವ್ವ.”