ಜಾರುಬಂಡೆಯ ಬೆಸುಗೆ

೧೯೯೯ರಲ್ಲಿ, ಒಂಬತ್ತನೇ ಕ್ಲಾಸಿನ ನಡುವೆಯೇ ನಾನು ಓದು ನಿಲ್ಲಿಸಿದೆ. ಆಮೇಲೆ ಕಲಿತದ್ದೆಲ್ಲ ಕಬ್ಬಿಣದ ಜೊತೆ ಗುದ್ದಾಡಿ ಕಲಿತದ್ದು. ಗುಂಡ್ಲುಪೇಟೆಯಲ್ಲಿ ಸ್ವಂತ ವೆಲ್ಡಿಂಗ್ ಶೆಡ್ ಹಾಕಿದೆ. ಗೇಟಾಗಲಿ ಗ್ರಿಲ್ಲಾಗಲಿ, ಇನ್ನೊಬ್ಬರಿಂದ ಹೇಳಿಸಿಕೊಂಡು ಮಾಡಿದವನಲ್ಲ.

ಹೋದ ವರ್ಷ ಚಾಮರಾಜನಗರದ ಒಂದು ಅಂಗನವಾಡಿಯಿಂದ ಜಾರುಬಂಡೆಗೆ ಆರ್ಡರ್ ಬಂತು. “ಬೆಣ್ಣೆ ಜಾರ್ದಂಗೆ ಜಾರ್ತದೆ ಬುಡಿ ಮೇಡಮ್” ಎಂದು ಅಲ್ಲಿನ ಟೀಚರಿಗೆ ಮಾತು ಕೊಟ್ಟುಬಿಟ್ಟೆ. ಮೇಲೆ ನೇರ ತಗಡು, ಕೆಳಗೆ ಬಾಗಿದ ತಗಡು. ಎರಡನ್ನೂ ಕಣ್ಣಳತೆಯಲ್ಲೇ ಕೂಡಿಸಿ, ಅಲ್ಲೊಂದು ಇಲ್ಲೊಂದು ಚುಕ್ಕೆ ವೆಲ್ಡಿಂಗ್ ಹಾಕಿ ನಿಲ್ಲಿಸಿದೆ. ಮಾರನೆಯ ದಿನ ಸಾಗಿಸಬೇಕು. ಮಕ್ಕಳಿಗಿಂತ ಮೊದಲು ನಾನೇ ಹತ್ತಿ ಜಾರಿದೆ. ಕೂಡಿಸಿದ ಜಾಗದಲ್ಲಿ ಕುಂಡೆಗೆ ಧಡ್ ಎಂದು ಪೆಟ್ಟು ಬಿತ್ತು. ಹೋಗಿ ಮಣ್ಣಿನಲ್ಲಿ ಬೋರಲಾದೆ.

“ಬೆಣ್ಣೆಯಲ್ಲ ಕಣ್ರೀ, ಕುಂಬ್ಳಕಾಯಿ ಉರುಳ್ದಂಗಾಯ್ತು” ಎಂದಳು ಊಟ ತಂದಿದ್ದ ಹೆಂಡತಿ.

ಜೊತೆಗೆ ಬಂದಿದ್ದ ಮಗಳು ಸೆಕೆಂಡ್ ಪಿಯು ಓದುತ್ತಿದ್ದಳು. ನಗು ಮುಗಿಸಿಕೊಂಡು ಬೆಸುಗೆ ನೋಡಿದಳು.

“ಅಪ್ಪ, ಇಲ್ಲಿ ಮೂಲೆ ಬಂದದೆ. ಬಾಗಿರೋ ತಗಡು ಈ ಜಾಗ್ದಲ್ಲಿ ಎಷ್ಟು ಓರೆ ಅದೆಯೋ, ನೇರ ತಗಡೂ ಅಷ್ಟೇ ಓರೆ ಇರ್ಬೇಕು. ಅದ್ನೇ ಸ್ಪರ್ಶರೇಖೆ ಅನ್ನೋದು.”

“ಬಾಗಿರೋದ್ರ ಓರೆ ಎಲ್ಲೆಲ್ಲೂ ಬದಲಾಯ್ತಾ ಓಯ್ತದೆ ಕಣಮ್ಮಿ. ಒಂದೇ ಚುಕ್ಕೀಲಿ ಎಂಗ್ ಇಡಿದೀಯೆ?”

“ಪಕ್ಕದಲ್ಲಿ ಇನ್ನೊಂದು ಚುಕ್ಕಿ ಇಟ್ಕಂಡು, ಎರಡ್ನೂ ಸೇರ್ಸೋ ಗೆರೆ ಎಳ್ದು, ಚುಕ್ಕಿನ ಅತ್ರ ಅತ್ರ ತರ್ತಾ ಓಗೋದು. ಬಾ, ಅಳೆಯನ.”

ಬೆಸುಗೆ ಬಿಡಿಸಿ, ಬಾಗಿದ ತಗಡನ್ನು ನೆಲದ ಮೇಲೆ ಮಗ್ಗುಲಿಗೆ ಮಲಗಿಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಕೆಳತುದಿಯಿಂದ ಎಷ್ಟು ಅಡಿ ಮುಂದೆ ಹೋದೆವೋ ಅದರ ವರ್ಗವನ್ನು ಹತ್ತರಿಂದ ಭಾಗಿಸಿದರೆ ಅಲ್ಲಿನ ಎತ್ತರ ಬರುತ್ತಿತ್ತು.

“ಮುಂದೋದ ಅಡಿ ಎಕ್ಸ್ ಅಂದ್ಕೊ. ಡಿಫರೆನ್ಶಿಯೇಟ್ ಮಾಡುದ್ರೆ ಓರೆ ಎಕ್ಸ್ ಬೈ ಐದು. ಕೂಡೋದು ಮೂರನೇ ಅಡೀಲಿ. ಅಂದ್ರೆ ನೇರ ತಗಡು ಐದಡಿ ಮುಂದಕ್ಕೆ ಮೂರಡಿ ಏರ್ಬೇಕು. ನೀನು ನಾಲ್ಕಡಿ ಏರ್ಸಿದ್ದೀಯ.”

“ತಪ್ಪಾದ್ರೆ?”

“ಇನ್ನೊಂದ್ಸಲಿ ಬೀಳ್ತೀಯ, ಅಷ್ಟೇ.”

ಏಣಿಯ ಕಾಲು ಕತ್ತರಿಸಿ, ನೇರ ತಗಡನ್ನು ಅವಳು ಹೇಳಿದ ಓರೆಗೆ ಇಳಿಸಿ ಮತ್ತೆ ಕೂಡಿಸಿದೆ. ಹಲ್ಲು ಕಚ್ಚಿಕೊಂಡು ಜಾರಿದೆ. ಬೆಸುಗೆ ಎಲ್ಲಿ ದಾಟಿತೋ ಗೊತ್ತಾಗಲಿಲ್ಲ. ಹೆಂಡತಿಯೂ ಸೆರಗು ಸಿಕ್ಕಿಸಿಕೊಂಡು ಎರಡು ಸಲ ಜಾರಿದಳು.

ಮಾರನೆಯ ದಿನ ಮಗಳನ್ನೂ ಕರೆದುಕೊಂಡು ಅಂಗನವಾಡಿಗೆ ಸಾಗಿಸಿದೆ. ಮಕ್ಕಳು ಇಳಿಯುವುದು, ಓಡಿ ಬಂದು ಮತ್ತೆ ಹತ್ತುವುದು.

“ಇಷ್ಟು ನೈಸಾಗಿ ಎಂಗ್ ಮಾಡುದ್ರಿ?” ಎಂದರು ಟೀಚರು.

“ಡಿಫರೆನ್ಶಿಯೇಷನ್ನು ಮೇಡಮ್” ಎಂದು ಮೀಸೆ ತಿರುವಿದೆ. ಪಕ್ಕದಲ್ಲಿ ಮಗಳು ಕೆಮ್ಮಿದಳು. “ಲೆಕ್ಕ ಇವಳ್ದು, ಬಿದ್ದದ್ದು ನಾನು” ಎಂದೆ.

ಈಗ ನನ್ನ ಹತ್ತಿರ ಒಂದು ಶೆಡ್ಡು, ಎರಡು ವೆಲ್ಡಿಂಗ್ ಮೆಷಿನ್ನು, ಲೆಕ್ಕ ಬಲ್ಲ ಒಬ್ಬಳು ಮಗಳು, ಮೂರು ಜಾರುಬಂಡೆಯ ಆರ್ಡರು ಇವೆ.