ಗಾಳಿಯ ಮೇಲೆ ಹಾಕಿದ ತಪ್ಪು

ನಮ್ಮ ಊರಿನ ಕೌನ್ಸಿಲ್ ಚುನಾವಣೆಗೆ ಇನ್ನು ಹತ್ತು ದಿನ ಉಳಿದಿದೆ. ಮತಪತ್ರ ಅಂಚೆಯಲ್ಲಿ ಬಂದಿದೆ. ದೇಶ ಬಿಟ್ಟು ಈ ಅಪ್ಪರ್ ಹಟ್‌ಗೆ ಬಂದು ಹನ್ನೊಂದು ವರ್ಷವಾಯಿತು, ಇಷ್ಟು ವರ್ಷ ಆ ಲಕೋಟೆಯನ್ನು ಒಡೆದವನೇ ಅಲ್ಲ ನಾನು. ಈ ಸಲ ಒಡೆದೆ.

ನಾನು ಬಡಗಿ. ರಾಣೆಬೆನ್ನೂರಿನಲ್ಲಿ ಏಳನೇ ಇಯತ್ತೆ ಅರ್ಧಕ್ಕೆ ಬಿಟ್ಟು ಉಳಿ ಹಿಡಿದವನು. ಇಲ್ಲಿಯ ನಮ್ಮ ಜನ ಹೆಚ್ಚಿನವರು ಓದಿದವರು, ಕಂಪ್ಯೂಟರಿನವರು, ಆಸ್ಪತ್ರೆಯವರು. ಅವರ ನಡುವೆ ನಾನು ತಲೆ ತಗ್ಗಿಸಿ ಕೂತವನಲ್ಲ. ನಾನು ಕೂಡಿಸಿದ ಚೌಕಟ್ಟಿನ ಮೂಲೆಯಲ್ಲಿ ಪೋಸ್ಟ್‌ಕಾರ್ಡ್ ತೂರುವುದಿಲ್ಲ. ಅದು ನನ್ನ ಡಿಗ್ರಿ.

ನಮ್ಮ ಪಕ್ಕದ ಬೀದಿಯಲ್ಲಿ ಮೈಸೂರು ಕಡೆಯ ನರ್ಸ್ ಒಬ್ಬರಿದ್ದಾರೆ. ಗಂಡ, ಹನ್ನೆರಡು ವರ್ಷದ ಮಗಳು. ನನ್ನನ್ನು ಅಣ್ಣ ಎನ್ನುತ್ತಾರೆ. ನಾನು ನಮ್ಮ ಕಡೆಯ ರೂಢಿಯಂತೆ ಅಕ್ಕಾರ ಎನ್ನುತ್ತೇನೆ, ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದರೂ. ರೈಲು ಸ್ಟೇಷನ್ನಿಗೆ ಹೋಗುವ ಕಾಲುದಾರಿಯಲ್ಲಿ ದೀಪವಿಲ್ಲ, ನಸುಕಿನ ಪಾಳಿಯ ಹೆಂಗಸರು ಕತ್ತಲಲ್ಲಿ ನಡೆಯುತ್ತಾರೆ ಎಂದು ಕೌನ್ಸಿಲ್ಲಿಗೆ ಮೂರು ವರ್ಷ ಪತ್ರ ಬರೆದು ಬರೆದು ಸಾಕಾಗಿ, ಈ ಸಲ ತಾವೇ ಚುನಾವಣೆಗೆ ನಿಂತರು. ಅವರ ಮುಖವಿರುವ ಬೋರ್ಡುಗಳಿಗೆ ಚೌಕಟ್ಟು ಮಾಡಿ ಊರಲ್ಲೆಲ್ಲ ನಿಲ್ಲಿಸುವ ಕೆಲಸ ನನಗೆ ಕೊಟ್ಟರು. ಪೈನ್ ಮರದ ಚೌಕಟ್ಟು, ಅದರ ಮೇಲೆ ಅಚ್ಚು ಹಾಕಿದ ಪ್ಲಾಸ್ಟಿಕ್ ಹಾಳೆ. ಎರಡು ಭಾನುವಾರದಲ್ಲಿ ನಿಲ್ಲಿಸಿ ಮುಗಿಸಿದೆ. ಮಿಕ್ಕ ಹಾಳೆಗಳನ್ನು ನನ್ನ ಗ್ಯಾರೇಜಿನಲ್ಲೇ ಇಟ್ಟುಕೊಂಡೆ.

ನಾಲ್ಕನೇ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಶಾಲೆಯ ಮೂಲೆಯ ಬೋರ್ಡು ಕಂಡಿತು. ಬ್ಲೇಡಿನಿಂದ ಎರಡೂ ಕಣ್ಣು ಕೊಯ್ದಿದ್ದರು. ಕೆಳಗೆ ಕಪ್ಪು ಬಣ್ಣದಲ್ಲಿ, ಬಂದಲ್ಲಿಗೇ ಹೋಗು ಎಂದು ಬರೆದಿತ್ತು. ಅಷ್ಟು ಇಂಗ್ಲಿಷ್ ಓದಲು ಏಳನೇ ಇಯತ್ತೆಯೂ ಬೇಕಿಲ್ಲ. ಅದರ ಮುಂದೆ ಬರೆದಿದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಬೋರ್ಡು ಕಿತ್ತು ನನ್ನ ಯೂಟಿನ, ಅಂದರೆ ಸಾಮಾನು ಗಾಡಿಯ, ಹಿಂದೆ ಹಾಕಿಕೊಂಡು ಮನೆಗೆ ಹೋಗಿ ಹೊಸ ಹಾಳೆ ಹಚ್ಚಿದೆ. ಹಳೆಯದನ್ನು ನಾಲ್ಕು ತುಂಡು ಮಾಡಿ ಕಸದ ಡಂಪಿಗೆ ಹಾಕಿದೆ. ಆಕೆ ಇದನ್ನು ನೋಡಬಾರದು ಎಂಬುದೊಂದೇ ತಲೆಯಲ್ಲಿತ್ತು. ಅಷ್ಟರಲ್ಲಿ ಬೋರ್ಡು ಕಾಣಲಿಲ್ಲವೆಂದು ಯಾರೋ ಅವರಿಗೆ ಹೇಳಿದ್ದರು. ಫೋನ್ ಬಂತು.

"ಗಾಳಿಗೆ ಬಿದ್ದಿತ್ರೀ ಅಕ್ಕಾರ. ಮತ್ತ ನಿಲ್ಸೀನಿ," ಎಂದೆ.

ಈ ಕಣಿವೆಯ ಗಾಳಿ ಎಲ್ಲರಿಗೂ ಗೊತ್ತು. ನಂಬಿದರು.

ಆಮೇಲೆ ವಾರಕ್ಕೆ ಎರಡು, ಮೂರು. ನಾನು ದಿನಾ ಅರ್ಧ ತಾಸು ಮೊದಲೇ ಎದ್ದು ಊರು ಸುತ್ತುತ್ತಿದ್ದೆ. ಪ್ರತಿ ಸಲವೂ ಗಾಳಿಯ ಹೆಸರು ಹೇಳಿದೆ. ನಾನು ನಿಲ್ಲಿಸಿದ್ದು ಗಾಳಿಗೆ ಬೀಳುತ್ತದೆ ಎಂದು ನನ್ನ ಬಾಯಿಂದಲೇ ಹೇಳುವುದು ಎಂಥ ಸಂಕಟ ಎಂದು ಕೈಕೆಲಸದವರಿಗೆ ಮಾತ್ರ ತಿಳಿದೀತು. ಒಂದು ಭಾನುವಾರ ನಮ್ಮವರೆಲ್ಲ ಊಟಕ್ಕೆ ಸೇರಿದಾಗ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನೊಬ್ಬ ತಟ್ಟೆ ಹಿಡಿದು ಬಂದ.

"ಏನ್ ಮೇಸ್ತ್ರಿ, ಮೊಳೆ ಹೊಡೆಯೋದೇ ಮರ್ತೋಯ್ತಾ? ಎಲ್ರ ಬೋರ್ಡೂ ನಿಂತಿದೆ, ನಿಮ್ದೊಂದೇ ದಿನಾ ಮಲಗುತ್ತಲ್ಲ!"

ಎಲ್ಲರೂ ನಕ್ಕರು. ಆಕೆಯೂ ನಕ್ಕು, "ಸುಮ್ನಿರಪ್ಪ, ನಮ್ಮಣ್ಣಂಗೆ ಬೇಜಾರಾಗುತ್ತೆ," ಎಂದರು. ನಾನೂ ನಕ್ಕೆ. ಮನೆಗೆ ಬಂದು ಹೆಂಡತಿಯ ಮೇಲೆ ಹರಿಹಾಯ್ದೆ.

ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. "ಆಕಿಗೆ ಹೇಳ್ರಿ," ಎಂದಳು. "ದಿನಾ ರಕ್ತ ನೋಡಾಕಿ ಆಕಿ. ಇದನ್ನ ನೋಡಿದ್ರ ಸಾಯೂದಿಲ್ಲ."

"ನೀ ಸುಮ್ನ ಕುಂದ್ರು. ನಿಂಗೇನ್ ತಿಳೀತದ."

ಗ್ಯಾರೇಜಿನ ಹಾಳೆಗಳು ಮುಗಿದವು. ಒಂಬತ್ತನೆಯ ಬೋರ್ಡಿಗೆ ಬದಲಿ ಇರಲಿಲ್ಲ. ಕೆರೆದು ತೆಗೆಯೋಣವೆಂದು ಸೂಪರ್‌ಮಾರ್ಕೆಟ್ಟಿನ ಹಿಂದಿನ ರಸ್ತೆಯಲ್ಲಿ ಮೊಣಕಾಲೂರಿ ಕೂತಿದ್ದೆ. ಬೆನ್ನ ಹಿಂದೆ ಕಾರು ನಿಂತಿತು. ರಾತ್ರಿ ಪಾಳಿ ಮುಗಿಸಿ, ಆಸ್ಪತ್ರೆಯ ನೀಲಿ ಬಟ್ಟೆಯಲ್ಲೇ ಆಕೆ ಇಳಿದು ಬಂದರು. ನನ್ನ ಕೈ ನೋಡಿದರು, ಬೋರ್ಡು ನೋಡಿದರು. ಅರ್ಧ ಅಕ್ಷರಗಳು ಇನ್ನೂ ಉಳಿದಿದ್ದವು.

"ಎಷ್ಟನೇದಣ್ಣ ಇದು?"

"ಅಕ್ಕಾರ, ನೀವು ಮನಿಗಿ ನಡೀರಿ, ನಾ ಎಲ್ಲಾ..."

"ಎಷ್ಟನೇದು ಅಂತ ಕೇಳ್ದೆ."

"ಒಂಬತ್ತು."

"ಎಲ್ಲೆಲ್ಲಿ?"

ಹೇಳಿದೆ. ಶಾಲೆಯ ಮೂಲೆ ಎರಡು ಸಲ, ಪೆಟ್ರೋಲ್ ಬಂಕಿನ ಎದುರು, ಹೊಳೆಯ ಹತ್ತಿರದ ಬೀದಿಯಲ್ಲಿ ಮೂರು... ಅಲ್ಲಿಗೆ ಬಂದಾಗ ಆಕೆ ಕೈ ಎತ್ತಿ ನಿಲ್ಲಿಸಿದರು.

"ಹೊಳೆ ಬೀದೀಲಿ ಮೂರಾ? ಯಾವಾಗ?"

"ಹೋದ ವಾರ. ಅದರ ಹಿಂದಿನ ವಾರಾನೂ."

"ಮೊನ್ನೆ ಶನಿವಾರ ಆ ಬೀದಿಗೆ ಮಗಳನ್ನ ಕರ್ಕೊಂಡು ಹೋಗಿದ್ದೆ ಅಣ್ಣ, ಪಾಂಪ್ಲೆಟ್ ಹಂಚೋಕೆ. ವಾಪಸ್ ಬರ್ತಾ ಒಂದು ಕಾರು ನಮ್ಮ ಹಿಂದೇನೇ ನಿಧಾನವಾಗಿ ಬಂತು, ನಮ್ಮನೆ ಗೇಟಿನ ತನಕ. ಅವಳು ಹೆದರ್ಕೊಂಡ್ಳು. ನಾನು, ಏನಿಲ್ಲ ಪುಟ್ಟಾ, ದಾರಿ ತಪ್ಪಿರಬೇಕು ಅಂದೆ."

ಆಕೆ ದನಿ ಏರಿಸಲಿಲ್ಲ. ಏರಿಸಿದ್ದರೆ ಒಳ್ಳೆಯದಿತ್ತು.

"ನೀವು ಹೇಳಿದ್ರೆ ಆ ಬೀದಿಗೆ ನಾನು ಮಗೂನ ಕರ್ಕೊಂಡು ಹೋಗ್ತಿರ್ಲಿಲ್ಲ."

ಆ ಬೋರ್ಡನ್ನು ಯೂಟಿನಲ್ಲಿ ಹಾಕಿಕೊಂಡು ಅಂದೇ ಪೊಲೀಸ್ ಸ್ಟೇಷನ್ನಿಗೆ ಹೋದೆವು. ಅಧಿಕಾರಿಣಿ ಮರ್ಯಾದೆಯಿಂದಲೇ ಮಾತಾಡಿದಳು. ಕಾರಿನ ನಂಬರ್ ಇದೆಯೇ? ಇಲ್ಲ. ಉಳಿದ ಎಂಟು ಹಾಳೆಗಳೆಲ್ಲಿ? ಡಂಪಿನಲ್ಲಿ. ಫೋಟೋ? ನನ್ನ ಫೋನಿನಲ್ಲಿ ನಾನು ಮುಗಿಸಿದ ಪ್ರತಿಯೊಂದು ಬಾಗಿಲಿನ ಫೋಟೋ ಇದೆ, ಹನ್ನೊಂದು ವರ್ಷದ್ದು. ಆ ಎಂಟರದ್ದು ಒಂದೂ ಇಲ್ಲ. ಒಂಬತ್ತನೆಯದರ ಅಕ್ಷರವನ್ನು ಅರ್ಧ ನಾನೇ ಕೆರೆದು ಹಾಕಿದ್ದೆ. ಇರುವುದನ್ನು ಬರೆದುಕೊಂಡಳು. ಕಾಗದದ ಮೇಲೆ ಅದು ಒಂದೇ ಒಂದು ಬೋರ್ಡಿನ ವಿಷಯವಾಯಿತು.

ಹೊರಗೆ ಬಂದ ಮೇಲೆ ಹೇಳಿದೆ: "ಇನ್ನ ಮ್ಯಾಲೆ ನೀವು ಎಲ್ಲಿ ಹೋದ್ರೂ ನಾ ಬರ್ತೀನ್ರಿ. ಕೆಲಸಕ್ಕ ರಜಾ ಹಾಕ್ತೀನಿ."

ಆಕೆ ಕಾರಿನ ಬಾಗಿಲು ತೆಗೆದರು. "ಬೇಡಣ್ಣ. ನೀವು ಜೊತೇಲಿದ್ರೆ, ಏನಾದ್ರೂ ಆದ್ರೆ ನಂಗೆ ಹೇಳ್ತೀರೋ ಇಲ್ವೋ ಅನ್ನೋದನ್ನೂ ನಾನೇ ನೋಡ್ಕೋಬೇಕಾಗುತ್ತೆ."

ಮರ್ಯಾದೆ ಕಾಯುವುದೆಂದರೆ ಮುಚ್ಚಿಡುವುದು ಎಂದೇ ನಾನು ತಿಳಿದು ಬೆಳೆದವನು. ಮನೆಯಲ್ಲಿ ಹೆಂಗಸರಿಗೆ ಕೆಟ್ಟ ಸುದ್ದಿ ಮುಟ್ಟಬಾರದು, ಗಂಡಸು ನುಂಗಿಕೊಳ್ಳಬೇಕು. ನಾನು ನುಂಗಿದೆ, ನಗೆಪಾಟಲಾದೆ, ಅದೊಂದು ತ್ಯಾಗವೆಂದು ಒಳಗೊಳಗೇ ಹೆಮ್ಮೆಪಟ್ಟೆ. ಅಪಾಯ ಇದ್ದದ್ದು ಆಕೆಗೆ, ಗೊತ್ತಿದ್ದದ್ದು ನನಗೆ.

ಹೆಸರು ಹಿಂದೆ ತೆಗೆದುಕೊಳ್ಳುವ ದಿನ ದಾಟಿತ್ತು. ಮತಪತ್ರದಲ್ಲಿ ಆಕೆಯ ಹೆಸರು ಉಳಿದಿದೆ. ಆದರೆ ಮನೆ ಮನೆಗೆ ಹೋಗುವುದನ್ನು ಬಿಟ್ಟಿದ್ದಾರೆ. ಅಭ್ಯರ್ಥಿಗಳ ಸಭೆಗೂ ಹೋಗಲಿಲ್ಲ. ಗಂಡ ಫೋನ್ ಮಾಡಿ, ಉಳಿದ ಬೋರ್ಡುಗಳನ್ನು ಕಿತ್ತುಬಿಡಿ ಎಂದರು. ಎಲ್ಲವನ್ನೂ ಕಿತ್ತೆ.

ನಿನ್ನೆ ನನ್ನ ಮತಪತ್ರದಲ್ಲಿ ಆಕೆಯ ಹೆಸರಿನ ಮುಂದೆ ಗುರುತು ಹಾಕಿ, ಸೂಪರ್‌ಮಾರ್ಕೆಟ್ಟಿನ ಬಾಗಿಲಲ್ಲಿ ಇಟ್ಟ ಮತಪೆಟ್ಟಿಗೆಯಲ್ಲಿ ಹಾಕಿದೆ. ಹೆಂಡತಿಯೂ ಹಾಕಿದಳು. ಅದನ್ನಾದರೂ ಹೇಳಿ ಬರೋಣವೆಂದು ಸಂಜೆ ಬೆಳಕಿರುವಾಗಲೇ ಅವರ ಮನೆಗೆ ಹೋದೆ. ಬೆಲ್ ಒತ್ತಿದೆ. ಮೊದಲು ಕಿಟಕಿಯ ಪರದೆ ಅಲುಗಿತು. ಆಮೇಲೆ ಬಾಗಿಲು ಒಂದು ಗೇಣು ತೆರೆಯಿತು, ಸರಪಳಿ ಹಾಕಿದ ಹಾಗೇ. ಮಗಳು.

"ಪುಟ್ಟಿ, ನಾನವ್ವಾ. ಅಮ್ಮ ಅದಾರೇನು?"

"ಮಮ್ ಈಸ್ ಅಟ್ ವರ್ಕ್, ಅಂಕಲ್."

ಆ ಹುಡುಗಿ ನನ್ನ ಮುಖ ನೋಡಲಿಲ್ಲ. ನನ್ನ ಭುಜದಾಚೆ ರಸ್ತೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿ, ಬಾಗಿಲು ಹಾಕಿಕೊಂಡಳು.